ನಮ್ಮ ಓಣಿ ಭವನಕ್ಕ ನಾಕು ಅಡಿಗಲ್ಲು

ಗ್ವಾಡಿ ಬರಿಯಾವನ ಮುಂದ ಪುಢಾರಿಗಳು ಸುಳ್ಳ ಹೇಳೂದಿಲ್ರಿ. ಯಾಕಂದ್ರ ಅವರ ಸುಳ್ಳೆಲ್ಲಾ ದಪ್ಪ ಅಕ್ಷರದಾಗ ಬರದ ಕೊಡಾಂವ ನಾನ. ನನ್ನ ಮುಂದ ಏನ್ ಮುಚ್ಚಿಡತಾರ? ಅದಕ್ಕ ನನ್ನ ಕಣ್ಣಿಗಿ ಬಿದ್ದಷ್ಟು ತಮಾಷೆ ಯಾವ ಪೇಪರನವಗೂ ಬಿದ್ದಿಲ್ಲ. ಒಂದಕ್ಕ ನಕ್ಕ ಬಾಯಿ ಮುಚ್ಚೂದ್ರಾಗ ಇನ್ನೊಂದು ಬಂದ ನಿಂತಿರತಿತ್ತು. ಈಗೂ ಬರತಾವ. ನಿಂದ್ರೂ ಲಕ್ಷಣ ಕಾಣವಲ್ದು.

ನಾ ಕಲತಿದ್ದು ನಾಕನೇತ್ತಾ. ಆದ್ರ ಅಕ್ಷರದಾಗ ನನ್ನ ಹಿಂದ ಹಾಕಾಂವ ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ನಾಕೂ ತಾಲೂಕಿನ್ಯಾಗ ಇನ್ನಾ ಹುಟ್ಟಿಲ್ಲ. ದಾರಾ ಹಿಡಿಲಾರದ, ಗೆರಿ ಹೊಡಿಲಾರದ, ಬರೇ ಕಣ್ಣಳತಿ ಮ್ಯಾಲ ಇಪ್ಪತ್ತ ಫೂಟಿನ ಗ್ವಾಡಿ ತುಂಬಸತಿದ್ದೆ. ಮಾಸ್ತರಗೋಳು ಸೈಕಲ್ ನಿಲ್ಲಿಸಿ ನೋಡತಿದ್ರು. 'ಕಾಗುಣಿತ ತಪ್ಪೈತಲೋ' ಅಂತಿದ್ರು, ಅದು ಬ್ಯಾರೆ ಮಾತು. ತಪ್ಪಿದ್ರೂ ಎಷ್ಟ ಚಂದ ತಪ್ಪೈತಿ ಅನ್ನೂದ ಅವರಿಗಿ ತಿಳಿತಿರಲಿಲ್ಲ.

ನನ್ನ ಹೇಣ್ತಿ ಮಾತ ಮೊದಲ ಹೇಳಬೇಕು, ಇಲ್ಲಾಂದ್ರ ಮುಂದಿಂದು ನಿಮಗ ತಿಳಿಯೂದಿಲ್ಲ. ನಮ್ಮ ಊರು ಕಿತ್ತೂರ ಕಡೆ ಹೋಗೂ ಹಾದಿ ಮ್ಯಾಲ ಐತಿ. ಊರು ಮುಗದಲ್ಲೆ ನಮ್ಮ ಓಣಿ. ನಮ್ಮಪ್ಪನ ಕಾಲಕ್ಕ ನಮ್ಮ ಓಣಿ ಮಂದಿ ಊರಾಗ ಯಾರ ಕಟ್ಟಿ ಮುಂದೂ ಕುಂದ್ರೂವಂಗಿರಲಿಲ್ಲ, ನಿಂತ ಮಾತಾಡಬೇಕಾಗಿತ್ತು. ನಮ್ಮ ಕಾಲಕ್ಕ ಕುಂದ್ರೂವಂಗಾತು. ಆದ್ರ ರಸ್ತೆ ಮ್ಯಾಲ. ಓಣಿ ಹೆಣಮಕ್ಕಳದೊಂದು ಉಳಿತಾಯ ಸಂಘ ಇತ್ತು, ನನ್ನಾಕಿನ ಅದರ ಮುಖ್ಯಸ್ಥಿ. ಸೋಮವಾರಕ್ಕೊಮ್ಮಿ ರಸ್ತೆ ಮ್ಯಾಲ ಜಮಖಾನಿ ಹಾಸಿ ಮೀಟಿಂಗ್. ಕಬ್ಬಿನ ಟ್ರ್ಯಾಕ್ಟರ್ ಬಂತಂದ್ರ ಎಲ್ಲಾರೂ ಏಳೂದು, ಜಮಖಾನಿ ಸುತ್ತೂದು, ಗಟಾರದ ದಂಡಿಗಿ ಒಂದ ಕಾಲ ಮ್ಯಾಲ ನಿಂದ್ರೂದು. ಅದು ಹೋದ ಮ್ಯಾಲ ಮತ್ತ ಹಾಸೂದು, ಮತ್ತ ಕುಂದ್ರೂದು. ಅಷ್ಟರಾಗ ಹಾಲಿನ ಗಾಡಿ.

"ಒಂದ ಮೀಟಿಂಗ್ರಿ," ಅಂತಿದ್ಲು ನನ್ನಾಕಿ, "ಏಳಲಾರದ ಒಂದ ಮೀಟಿಂಗ್ ಮಾಡಬೇಕು. ಕುಂತಲ್ಲೆ ಚಾಲೂ ಆಗಿ ಕುಂತಲ್ಲೆ ಮುಗೀಬೇಕು. ಅದಕ್ಕೊಂದ ಭವನ ಬೇಕು ನಮ್ಮ ಓಣಿಗಿ."

ಅಕಿಗಿ ಅದರಾಗ ಕುಂದ್ರೂ ಆಸೆ. ನನಗ ಅದರ ಹಣಿ ಮ್ಯಾಲ ಹೆಸರ ಬರಿಯೂ ಆಸೆ. ಇಬ್ರೂ ಇಡೀ ಹರೇದ ವಯಸ್ಸ ಅದನ್ನ ಕಾಯ್ಕೊಂತ ಕಳದ್ವಿ.

ಅಳಿಸಿ, ಉಳಿಸಿ

ಸವದತ್ತಿ ಕಡೆ ಒಬ್ಬಾಂವ ಹೊಸಾದಾಗಿ ಇಲೆಕ್ಷನ್ನಿಗಿ ನಿಂತಿದ್ದ. ಸಾರಾಯಿ ಅಂಗಡಿ ಗುತ್ತಿಗಿ ಹಿಡದ ದುಡ್ಡ ಮಾಡಿದಾಂವ. ನನ್ನ ಕೈಯಾಗ ಒಂದ ಚೀಟಿ ಕೊಟ್ಟ. ಅದರಾಗ 'ಭ್ರಷ್ಟಾಚಾರ ಅಳಿಸಿ, ತಾಲೂಕು ಉಳಿಸಿ' ಅಂತ ಇತ್ತು. ಚೀಟಿ ನೋಡಿ ಬರಿಯಾಂವ ಸಣ್ಣ ಪೇಂಟರು. ನಾ ಒಂದ ಸಲ ನೋಡಿ, ಮಡಚಿ ಕಿಸೆದಾಗ ಇಟ್ಟೆ. ಗುಡ್ಡದ ಹಾದಿಗುಂಟ ಎರಡ ದಿನ ಗ್ವಾಡಿ ಮ್ಯಾಲ ಗ್ವಾಡಿ ಹೊಡದೆ.

ಮೂರನೇ ದಿನಾ ಜೀಪ ಬಂತು. ಇಳದಾಂವನ ಮಾರಿ ಕೆಂಪಗ ಆಗಿತ್ತು.

"ಏನ್ ಬರದಿ ಅದು? ಓದ ನೀನ!"

ಓದಿದೆ. 'ಭ್ರಷ್ಟಾಚಾರ ಉಳಿಸಿ, ತಾಲೂಕು ಅಳಿಸಿ.'

"ಮಗನ, ನಮ್ಮ ಮನಿ ಒಳಗಿನ ಮಾತ ನಿನಗ ಯಾರ ಹೇಳಿದ್ರಲೇ?" ಅಂದ.

"ಎರಡ ಅಕ್ಷರದ ಕೆಲಸ್ರಿ, ಈಗ ತಿದ್ದತೇನಿ" ಅಂತ ಬ್ರಷ್ ಎತ್ತಿದೆ. ಅವನ ಅಳಿಯ ನನ್ನ ಕೈ ಹಿಡದ. "ಮಾವಾ, ತಡೀರಿ. ಎದುರಿನವನ ಗ್ವಾಡಿ ಯಾರೂ ನೋಡವಲ್ರು. ನಮ್ಮ ಗ್ವಾಡಿ ಮುಂದ ಬಸ್ಸ ನಿಲ್ಲಸಿ ಓದಿ ನಗತಾರ. ಇರ್ಲಿ ಬಿಡ್ರಿ." ಬಿಟ್ರು. ಆರಿಸಿ ಬಂದಾ.

ಐದ ವರ್ಷ ಆದ ಮ್ಯಾಲ ಅದ ಹಾದಿಗಿ ಹೋಗಿದ್ದೆ. ರಸ್ತೆ ಕಿತ್ತ ಹೋಗಿತ್ತು, ಕೆರಿ ಒತ್ತಿ ಪ್ಲಾಟ್ ಆಗಿತ್ತು, ನನ್ನ ಅಕ್ಷರ ಮಾತ್ರ ಮಿಂಚಾಕತ್ತಿದ್ವು. ಚಾ ಅಂಗಡಿಯಾಂವ ನನ್ನ ಗುರ್ತ ಹಿಡದು ಅಂದ: "ಕಾಕಾ, ಗ್ವಾಡಿ ಮ್ಯಾಲ ಬರಸಿದ್ದನ್ನ ಚಾಚೂ ತಪ್ಪದ ಮಾಡಿ ತೋರಿಸಿದಾಂವ ಇವನೊಬ್ಬನ ನೋಡ."

ಶಟರ್ ಮ್ಯಾಲಿನ 'ಅಲ್ಲ'

ಬೈಲಹೊಂಗಲದಾಗ ಮಾರ್ಕೆಟ್ ಯಾರ್ಡ್ ಎದುರಿಗಿ ಒಂದ ಖಾರ ಕುಟ್ಟೂ ಗಿರಣಿ ಇತ್ತು. ಅದರ ಗ್ವಾಡಿ ಅಂದ್ರ ಗ್ವಾಡಿ. ನಾಕೂ ದಿಕ್ಕಿನಿಂದ ಕಾಣತಿತ್ತು. ಒಬ್ಬ ಮಾಜಿ ಮೆಂಬರ, ಹಿಂದಿನ ಸಲ ಏನೇನೋ ಹೆಸರ ಕೆಡಿಸಿಕೊಂಡಿದ್ದ. ಈ ಸಲ ಮಂದಿಗಿ ಖರೇ ಹೇಳಬೇಕಂತ ನನಗ ಹೇಳಿದ: "ಬಾಳೇನ ಬ್ಯಾಡ. 'ನಾನು ಲಂಚ ತಿಂದವನು ಅಲ್ಲ' ಅಂತ ಬರಿ. ಆಳೆತ್ತರ ಬರಿ."

ಆಳೆತ್ತರ ಬರದೆ. 'ತಿಂದವನು' ಅನ್ನೂದ್ರಾಗ ಗ್ವಾಡಿ ಮುಗೀತು. ಗಿರಣಿ ಶಟರ್ ಇಳದಿತ್ತು, 'ಅಲ್ಲ' ಅನ್ನೂದನ್ನ ಅದರ ಮ್ಯಾಲ ಬರದೆ. ಸಂಜಿ ಬಂದ ನೋಡಿದ, ಬೆನ್ನ ಚಪ್ಪರಿಸಿದ.

ಮರುದಿನಾ ಮುಂಜಾನೆ ಗಿರಣಿ ಮಾಲಕ ಶಟರ್ ಎತ್ತಿದ. 'ಅಲ್ಲ' ಸುತಗೊಂಡ ಮ್ಯಾಲ ಹೋತು. ಸಂತಿ ದಿನಾ. ನಾಕೂ ತಾಲೂಕಿನ ಮಂದಿ ಬಂದ ಓದಿತು: ನಾನು ಲಂಚ ತಿಂದವನು.

ಮಾಜಿ ಮೆಂಬರ ಓಡಕೊಂತ ಬಂದ. "ಇಳಸೋ ಶಟರ್!"

"ಶಟರ್ ಇಳಿಸಿದ್ರ ಮಂದಿ ಖಾರ ಯಾರ ಕುಟ್ಟಿ ಕೊಡತಾರ್ರಿ, ನೀವ?" ಅಂದ ಮಾಲಕ.

"ನನ್ನ ಮರ್ಯಾದಿ ಪ್ರಶ್ನೆ ಐತೋ ಮಾರಾಯಾ!"

ಮಾಲಕ ಖಾರದ ಕೈ ಒರಸಕೊಂಡ, ಒಂದೀಟ ವಿಚಾರ ಮಾಡಿದ. "ಹಂಗಾದ್ರ ಹಿಂಗ ಮಾಡೂಣ್ರಿ. ಅಂಗಡಿ ಸೂಟಿ ರವಿವಾರ. ರವಿವಾರ ನೀವು ದಿನಪೂರ್ತಿ ಸಾಚಾ. ಉಳದ ದಿನಾ ಸಂಜಿ ಏಳರ ಮ್ಯಾಲ ಸಾಚಾ. ಇಷ್ಟರಾಗ ಸುಧಾರಿಸ್ಕೋರಿ."

ಸುಣ್ಣ ಒಣಗಲಿ

ರಾಮದುರ್ಗದಾಗ ಹೊಳಿ ಕಡೆ ಹೋಗೂ ಹಾದ್ಯಾಗ ಒಂದ ಉದ್ದನ ಗ್ವಾಡಿ ಐತಿ. ಆರಿಸಿ ಬಂದಾಂವ ಒಬ್ಬ ಅದನ್ನ ಮೂರ ಇಲೆಕ್ಷನ್ ತನಕ ನನಗ ಹಿಡದ ಕೊಟ್ಟಿದ್ದ. ಅವನ ಗುರ್ತು ಛತ್ರಿ. ಛತ್ರಿ ಅರ್ಧಾ ಬಂದಿತ್ತು, ಅವನ ಮನಶಾ ಬಂದ ಅಂದ, "ಸಾಹೇಬ್ರು ಪಕ್ಷ ಬಿಟ್ರು. ಈಗ ಬಕೀಟು." ಛತ್ರಿ ಮ್ಯಾಲ ಸುಣ್ಣ ಹೊಡದು ಬಕೀಟ ಬರದೆ. ಊಟಕ್ಕ ಕುಂತಿದ್ದೆ, ಮತ್ತ ಬಂದ. "ಬಕೀಟದವರು ಟಿಕೀಟ ಕೊಡಲಿಲ್ಲ. ಸಾಹೇಬ್ರೀಗ ಹೊಲಿಗಿ ಮಷೀನು."

ನಾ ಸೀದಾ ಸಾಹೇಬ್ರಿಗಿನ ಫೋನ್ ಹಚ್ಚಿದೆ. ನಾ ಯಾರಿಗೂ ಅಂಜಾಂವಲ್ಲ. "ಸಾಹೇಬ್ರ, ನಿಮ್ಮ ತತ್ವ ಸಿದ್ಧಾಂತ ನಾ ಏನೂ ಕೇಳೂದಿಲ್ಲ. ಸುಣ್ಣ ಒಣಗೂ ತನಕರೆ ಒಂದ ಕಡೆ ನಿಲ್ರಿ."

ನಿಲ್ಲಲಿಲ್ಲ. ಹಸೀ ಸುಣ್ಣದ ಮ್ಯಾಲ ಬರದೆ. ಮಳಿ ಹೊಡೀತು. ಸುಣ್ಣ ತೊಳದ ಹೋಗಿ ಒಳಗಿಂದು ಹೊರಗಿಂದು ಎಲ್ಲಾ ಕೂಡೇ ಕಂಡವು. ಕಾಯಿಪಲ್ಯೆ ಮಾರೂ ಮುದುಕಿಯೊಬ್ಬಾಕಿ ಬುಟ್ಟಿ ಇಳಿಸಿ ಎಷ್ಟೋ ಹೊತ್ತ ನೋಡಿದ್ಲು. "ಏ ತಮ್ಮಾ, ಇಂವ ಬಕೀಟದಾಗ ಕುಂತು, ಛತ್ರಿ ಹಿಡಕೊಂಡು, ನಮಗೇನ್ ಹೊಲಿಯಾಂವ ಇದ್ದಾನಪಾ?"

ಇದನ್ನ ಮನಿಗಿ ಬಂದ ನನ್ನಾಕಿಗಿ ಹೇಳಿದೆ. ನಕ್ಕ ನಕ್ಕ ಕಣ್ಣೀರ ಒರಸಕೊಂಡ್ಲು. ಆಮ್ಯಾಲ ಕೇಳಿದ್ಲು, "ಮೂರೂ ಪಕ್ಷದಾಂವ ಅದಾನಲ್ಲ, ನಮ್ಮ ಭವನದ ಮಾತ ಏನರೆ ಎತ್ತಿದ್ರ್ಯಾ?" ಅಕಿಗಿ ಅದ ಒಂದ ಚಿಂತಿ.

ನಾಕು ಅಡಿಗಲ್ಲು

ನಮ್ಮ ಓಣಿ ಹಿಂದ ಹತ್ತಿ ಅಳ್ಳಿ ತುಂಬೂ ಹಳೇ ಗೋದಾಮು ಐತಿ. ಅದರ ಹಿಂದಿನ ಗ್ವಾಡಿಗಿ ಹೊಂದಿ ಒಂದ ಖುಲ್ಲಾ ಜಾಗಾ. ಮೊದಲ ನಮ್ಮ ಹೆಣಮಕ್ಕಳು ಅಲ್ಲೇ ಕುಂತ ಮೀಟಿಂಗ್ ಮಾಡತಿದ್ರು. ಯಾರಿಗೂ ಏಳೂ ಪ್ರಸಂಗ ಇರಲಿಲ್ಲ. ಆಮ್ಯಾಲ ಒಬ್ಬ ದೊಡ್ಡಾಂವ ಬಂದಾ, ಭವನ ಕೊಡತೇನಿ ಅಂದಾ, ಅಡಿಗಲ್ಲ ಹಾಕಿದಾ. ಮರುದಿನಾ ಸುತ್ತೂ ತಂತಿ ಬೇಲಿ ಬಿತ್ತು. ಬೋರ್ಡ ಬರಿಯಾಕ ನನ್ನ ಕರದ್ರು: 'ಭವನದ ಜಾಗ. ಸಾರ್ವಜನಿಕರು ಒಳಗೆ ಬರಬಾರದು.' ಬರದೆ. ಚಂದ ಬರದೆ. ಅವತ್ತಿನಿಂದ ನಮ್ಮ ಹೆಣಮಕ್ಕಳು ರಸ್ತೆಗಿ ಬಂದ್ರು. ನನ್ನಾಕಿ ಮೂರ ದಿನಾ ನನ್ನ ಕೂಡ ಮಾತ ಬಿಟ್ಟಿದ್ಲು.

ಮುಂದಿನ ಇಲೆಕ್ಷನ್ನಿಗಿ ಎದುರು ಪಕ್ಷದಾಂವ ಬಂದಾ. ಒಬ್ಬರ ಕಲ್ಲಿನ ಮ್ಯಾಲ ಇನ್ನೊಬ್ರು ಕಟ್ಟೂವಂಗಿಲ್ಲ, ಅದು ಪಕ್ಷದ ಮರ್ಯಾದಿ. ತನ್ನ ಕಲ್ಲ ಬ್ಯಾರೆ ಮೂಲ್ಯಾಗ ಹಾಕಿದಾ. ಮೂರನೇದಾಂವ ಮೂರನೇ ಮೂಲಿ. ಒಬ್ಬೊಬ್ಬರು ಬಂದಾಗೂ ನಾ ಓಣಿ ಗ್ವಾಡಿ ಮ್ಯಾಲ 'ನುಡಿದಂತೆ ಭವನ' ಅಂತ ಬರಿಯೂದು, ಐದ ವರ್ಷಕ್ಕ ಅದನ್ನ ಅಳಿಸಿ ಮತ್ತ ಅದನ್ನ ಬರಿಯೂದು.

ನಾಕನೇದಾಂವ ಬಂದಾಗ ಬ್ಯಾಂಡ್ ಬಾಜಾ ಜೋರಿತ್ತು. ಕೈಯಾಗ ಗಾರೆ ಹಚ್ಚೂ ಬೆಳ್ಳಿ ಥಾಪಿ ಹಿಡದು ಸುತ್ತ ನೋಡಿದಾ. "ಇಷ್ಟ ಕಲ್ಲ ಯಾಕ ಬಿದ್ದಾವು ಇಲ್ಲೆ?" ಅಂದಾ.

ಬೇಲಿ ಆ ಕಡೆಯಿಂದ ನನ್ನಾಕಿ ಒದರಿದ್ಲು: "ನಿಮ್ಮ ಕಲ್ಲೂ ಹಾಕಿ ಹೋಗ್ರಿ ಸಾಹೇಬ್ರ, ಬ್ಯಾಡ ಅನ್ನೂದಿಲ್ಲ. ಇನ್ನೊಂದ ಹತ್ತ ಇಲೆಕ್ಷನ್ ಆಗ್ಲಿ, ಅಡಿಗಲ್ಲಿಲೇ ಗ್ವಾಡಿ ಎಬ್ಬಸ್ಕೋತೇವಿ!"

ಸದಸ್ಯೆಯ ಗಂಡ

ಮುಂದ ಸರಕಾರ ಹೆಣಮಕ್ಕಳಿಗಿ ಸೀಟ ಮೀಸಲ ಇಟ್ಟಾಗ ನಮ್ಮ ಓಣಿ ಸೀಟು ನಮ್ಮ ಸಮಾಜದ ಹೆಣಮಗಳಿಗಿ ಬಂತು. ನನ್ನಾಕಿ ನಿಂತ್ಲು. ನಾನ ಗ್ವಾಡಿ ಬರದೆ, ಆರಿಸಿ ಬಂದ್ಲು. ನನ್ನ ಅಕ್ಷರದ ಬಲ ಅದು. ಅಕಿ ಕೇಳಿದ್ರ ಬ್ಯಾರೆ ಹೇಳತಿದ್ಲು.

ಆವಾಗಿನ ಪದ್ಧತಿ ಏನಂದ್ರ, ಹೆಣಮಕ್ಕಳು ಆರಿಸಿ ಬರೂದು, ಗಂಡಂದ್ರು ಪಂಚಾಯ್ತಿಗಿ ಹೋಗಿ ಖುರ್ಚಿ ಮ್ಯಾಲ ಕುಂದ್ರೂದು. ನಾನೂ ಒಂದ ಖಾದಿ ಅಂಗಿ ಹೊಲಸಿದೆ. ಮೊದಲನೇ ಮೀಟಿಂಗಿಗಿ ಹೋದೆ. ಗೌಡ್ರ ಸೊಸಿ ಬದಲಿ ಗೌಡ್ರು ಕುಂತಿದ್ರು, ಇನ್ನೊಬ್ಬಾಕಿ ಬದಲಿ ಅಕಿ ಮೈದುನ ಕುಂತಿದ್ದ. ನಾನೂ ಕಾಲ ಮ್ಯಾಲ ಕಾಲ ಹಾಕಿ ಕುಂತೆ. ನಮ್ಮಪ್ಪ ಹೊರಗ ನಿಂತ ಮಾತಾಡಿದ ಚಾವಡಿ ಅದು. ಗೌಡ್ರು ನನಗ "ಚಾ ತಗೋರಿ" ಅಂದ್ರು. 'ರಿ' ಅಂದ್ರು! ಆ ಚಾದ ರುಚಿ ಇನ್ನಾ ನಾಲಿಗಿ ಮ್ಯಾಲ ಐತಿ.

ಅರ್ಧಾ ಕಪ್ಪ ಕುಡದಿದ್ದೆ, ಬಾಗಲದಾಗ ನನ್ನಾಕಿ ಬಂದ ನಿಂತ್ಲು. ಅರಿವಿ ಒಗದ ಕೈ ಇನ್ನಾ ಹಸೀ ಇತ್ತು.

"ಏಳ್ರಿ."

ಎದ್ದೆ. ನಾಕೂ ತಾಲೂಕಿನ್ಯಾಗ ಯಾರಿಗೂ ಅಂಜದಾಂವ, ಕಪ್ಪ ಹಿಡಕೊಂಡ ಎದ್ದೆ. ಅಕಿ ಕುಂತ್ಲು.

ಗೌಡ್ರು ನಕ್ಕೊಂತ ಅಂದ್ರು: "ತಂಗಿ, ನಿಮ್ಮ ಯಜಮಾನ್ರು ಬಂದಾರಲ್ಲ, ನೀ ಯಾಕ ತ್ರಾಸ ಮಾಡ್ಕೊಂಡಿ?"

"ಓಟ ಬಿದ್ದದ್ದ ನನಗ್ರಿ ಗೌಡ್ರ. ಇವ್ರು ನಿಂತಿದ್ರ ನಾನ ಹಾಕತಿದ್ದಿಲ್ಲ" ಅಂದ್ಲು.

ಐದ ವರ್ಷ ಒಂದೂ ಮೀಟಿಂಗ್ ತಪ್ಪಸಲಿಲ್ಲ. ಪ್ರತಿ ಸಲಾನೂ ಭವನದ ಮಾತ ಎತ್ತಿದ್ಲು. ಪ್ರತಿ ಸಲಾನೂ 'ಮುಂದಿನ ಸಭೆಯಲ್ಲಿ ಚರ್ಚಿಸುವುದು' ಅಂತ ಪುಸ್ತಕದಾಗ ಬರದ್ರು. ಅಕಿ ಮೆಂಬರಕಿ ಮುಗದ ದಿನಾ ಆ ಪುಸ್ತಕ ಬರಿಯೂ ಗುಮಾಸ್ತ ಬಂದ ಕೈ ಮುಗದಾ: "ಅಕ್ಕಾರ, ಆ ಒಂದ ಸಾಲ ಬರದ ಬರದ ನನ್ನ ಅಕ್ಷರ ದುಂಡಗಾತ್ರಿ." ನಾ ನೋಡಿದೆ. ಖರೇನ ಚಂದ ಬರದಿದ್ದ, ಸುಳ್ಳ ಯಾಕ ಹೇಳಲಿ.

ಫ್ಲೆಕ್ಸು

ಆಮ್ಯಾಲ ಫ್ಲೆಕ್ಸ್ ಬಂತು, ನನ್ನ ಬ್ರಷ್ ಒಣಗಿತು. ಈಗ ನಿಂತವನ ಮಾರಿ, ಅವನ ತಮ್ಮನ ಮಾರಿ, ಹುಟ್ಟಹಬ್ಬಕ್ಕ ನಾಯಿ ಮಾರಿನೂ ಒಂದ ತಾಸಿನ್ಯಾಗ ಹೊರಗ ಬೀಳತಾವು. ಇಲೆಕ್ಷನ್ ಮುಗದ ಮ್ಯಾಲ ಹಾಸಿ ಮೆಣಸಿನಕಾಯಿ ಒಣಗಸಾಕ ಅನುಕೂಲ ಐತಿ ಬಿಡ್ರಿ. ಆದ್ರ ಹಸೀ ಸುಣ್ಣದ ವಾಸನಿ, ಏಣಿ ಮ್ಯಾಲ ನಿಂತಾಗ ಬೆನ್ನಿಗಿ ಬಡಿಯೂ ಎಳೆ ಬಿಸಲು, ಕೆಳಗ ನಿಂತ ಒಂದೊಂದ ಅಕ್ಷರ ಕೂಡಿಸಿ ಓದೂ ಮಂದಿ... ಹೋತು.

ಒಬ್ಬ ಹಳೇ ಗಿರಾಕಿ ಪುಢಾರಿ ಮನಿಗಿ ಹೋಗಿ ಕೇಳಿದೆ. "ಸಾಹೇಬ್ರ, ಫ್ಲೆಕ್ಸು ಒಂದ ಗಾಳಿಗಿ ಹರೀತೈತಿ. ನಾ ಬರದ್ರ ಐದ ವರ್ಷ ಅಳಿಯೂದಿಲ್ಲ."

"ಅದ ನೋಡಪಾ ತೊಂದ್ರಿ," ಅಂದ. "ಐದ ವರ್ಷ ಮಂದಿ ಅದನ್ನ ಓದ್ಕೊಂತ ಕುಂದರತಾರ."

ಅದ ವರ್ಷ ನನ್ನಾಕಿ ಹೋದ್ಲು. ಹೋಗೂ ವಾರದಾಗೂ ಸೋಮವಾರದ ಮೀಟಿಂಗಿಗಿ ಹೋಗಿದ್ಲು. ಎದ್ದ ನಿಂದ್ರಾಕ ಆಗವಲ್ದಾಗಿತ್ತು. ಟ್ರ್ಯಾಕ್ಟರ್ ಬಂದಾಗ ಇಬ್ರು ರಟ್ಟಿ ಹಿಡದ ಎಬ್ಬಿಸಿದ್ರು. ಮಣ್ಣ ಮಾಡಿ ಬಂದು ಹೊರಗ ಕುಂತಾಗ ಸಂಘದ ಹೆಣಮಗಳೊಬ್ಬಾಕಿ ಅಂದ್ಲು, "ಕಾಕಾ, ಇನ್ ಅಕಿನ್ನ ಯಾರೂ ಏಳ ಅನ್ನೂದಿಲ್ಲ." ನಗಸಾಕ ಅಂದ್ಲೋ ಅಳಸಾಕ ಅಂದ್ಲೋ. ನಾ ಎರಡೂ ಮಾಡಿದೆ.

ಭವನ ಆತು

ಈಗಿಂದ ಇದು. ಹೋದ ವರ್ಷ ನಮ್ಮ ಪಂಚಾಯ್ತಿ ಅಧ್ಯಕ್ಷ ಕಾರ ತಗೊಂಡ ನನ್ನ ಮನಿ ಮುಂದ ಬಂದಾ. ನನ್ನ ಮಗನ ವಯಸ್ಸಿನಾಂವ.

"ಕಾಕಾ, ಸಿಹಿ ಸುದ್ದಿ. ನಿಮ್ಮ ಓಣಿ ಭವನ ಆಗಿ ಮುಗೀತು."

ನಾ ಹೊರಗ ಬಂದ ನೋಡಿದೆ. ನಾಕ ಕಲ್ಲು, ತಂತಿ ಬೇಲಿ. "ಎಲ್ಲೈತೋ?"

"ಕಾಗದದಾಗ ಐತಿ," ಅಂದಾ ಸಣ್ಣ ದನಿಲೇ. "ಈಗ ಮ್ಯಾಲಿನವರು ಫೋಟೋ ಕೇಳಾಕತ್ತಾರ. ಮೊದಲಿನಂಗ ಬ್ಯಾರೆ ಊರಿನ ಭವನದ ಫೋಟೋ ಕಳಸೂವಂಗಿಲ್ಲ, ಮೊಬೈಲದಾಗ ಜಾಗಾದ ಗುರ್ತು ತಾನ ಬೀಳತೈತಿ. ಗೋದಾಮಿನ ಗ್ವಾಡಿ ಖಾಲಿ ಐತಲ್ಲ ಕಾಕಾ... ಅದರ ಮ್ಯಾಲ ಒಂದ ಭವನ ಬರದ ಕೊಡ."

ನನ್ನ ಬಾಯಾಗಿನ ಬೈಗಳು ಇಲ್ಲೆ ಬರಿಯೂದಿಲ್ಲ. ಮುಗಿಯೂ ತನಕ ಕೇಳಿದಾ. ಆಮ್ಯಾಲ ಅಂದಾ: "ಫ್ಲೆಕ್ಸ್ ಹಾಕಿ ನೋಡಿದ್ವಿ ಕಾಕಾ. ಗಾಳಿಗಿ ಅಲಗತೈತಿ. ಭವನ ಅಲಗಬಾರದು."

"ನಡಿ ಹೊರಗ" ಅಂದೆ.

ಕಾರ ಹತ್ತೂ ಮುಂದ ತಿರಗಿ ನೋಡಿದಾ. "ಹಣಿ ಮ್ಯಾಲ ಹೆಸರ ಬರಿಯೂದೈತಿ. ದೊಡ್ಡ ಅಕ್ಷರ. ನೀ ಬಿಟ್ರ ಯಾರಿಗಿ ಬರತೈತಿ ಹೇಳ."

ಸೋತೆ. ಮಂದಿ ಏನ್ ಅಂದ್ರೂ ಅನಲಿ. ಇಷ್ಟ ವರ್ಷ ಕಾಯ್ದ ಕೈ, ಒಣಗಿದ ಬ್ರಷ್, ಅಷ್ಟ ದೊಡ್ಡ ಗ್ವಾಡಿ. ಹನ್ನೆರಡ ದಿನಾ ಬರದೆ. ಹತ್ತಾಕ ಮೂರ ಪಾವಟಿಗಿ ಬರದೆ, ನಾಕ ಕಂಬ ಬರದೆ, ಕಿಟಕಿಗಿ ಸರಳ ಬರದು ಅದರ ನೆರಳೂ ಬರದೆ. ನಡುವ ತೇಗಿನ ಬಾಗಲಾ, ಮುಚ್ಚಿದ್ದು. ಒಳಗ ಏನಿರತೈತಿ ಅಂತ ನನಗೇನ್ ಗೊತ್ತು? ಕಡೀಕ ಕಮಾನಿನ ಮ್ಯಾಲ 'ಸಮುದಾಯ ಭವನ' ಅಂತ ಬರದೆ. ಎರಡ ಹಕ್ಕಿ ಕಿಟಕಿ ಮ್ಯಾಲ ಕುಂದ್ರಾಕ ಬಂದು ಮಾರಿ ಬಡಸ್ಕೊಂಡು ಹೋದ್ವು. ಇದನ್ನ ನಾ ಯಾರ ಮುಂದ ಬೇಕಾದ್ರೂ ಆಣಿ ಮಾಡಿ ಹೇಳತೇನಿ.

ಫೋಟೋ ಹೋತು, ಪಾಸ್ ಆತು. ಆದ್ರ ಎರಡ ತಿಂಗಳ ಬಿಟ್ಟು ಮ್ಯಾಲಿನ ಆಫೀಸಿನ ಒಬ್ಬ ಸಾಹೇಬ ಖುದ್ದ ನೋಡಾಕ ಬಂದಾ. ಕಣ್ಣಿಗಿ ದಪ್ಪ ಗಾಜಿನ ಚಾಳೀಸು. ಬೇಲಿ ದಾಟಿ ಸೀದಾ ನಡದಾ. ಪಾವಟಿಗಿ ಮುಂದ ಚಪ್ಪಲ್ ಬಿಟ್ಟಾ. ಕಾಲ ಎತ್ತಿದಾ. ಹೆಬ್ಬಟ್ಟ ಗ್ವಾಡಿಗಿ ಬಡೀತು, ಆಮ್ಯಾಲ ಹಣಿ.

ಅಧ್ಯಕ್ಷ ಬೆವತಾ. ನನ್ನ ಬಾಯಿ ಎಂದ ಸುಮ್ಮನಿತ್ರಿ? "ನೂಕಬ್ಯಾಡ್ರಿ ಸಾಹೇಬ್ರ, ಅದು ಹೊರಗ ಎಳಿಯೂ ಬಾಗಲಾ."

ಸಾಹೇಬ ಗ್ವಾಡಿ ಮ್ಯಾಲ ಕೈ ಆಡಿಸಿದಾ. ಕಂಬ ಮುಟ್ಟಿದಾ. ಅಧ್ಯಕ್ಷ ಅವನ್ನ ಕಾರ ಕಡೆ ಕರಕೊಂಡ ಹೋದಾ. ಗಾಜ ಏರಿಸಿ ಬಾಳ ಹೊತ್ತ ಮಾತಾಡಿದ್ರು. ನನಗ ಒಳಗ ಖುಷಿ. ಸಂಘದ ಹೆಣಮಕ್ಕಳಿಗಿ ಅಂದೆ, "ಸಿಕ್ಕ ಬಿದ್ರು! ಈಗ ಖರೇ ಭವನ ಕಟ್ಟಲೇಬೇಕು ನೋಡ್ರಿ." ಅವರೂ ನಂಬಿದ್ರು. ಒಬ್ಬಾಕಿ ಒಳಗ ಯಾವ ಬಣ್ಣಾ ಹಚ್ಚಬೇಕಂತನೂ ಹೇಳಿದ್ಲು.

ಹದಿನೈದ ದಿನಕ್ಕ ಮ್ಯಾಲಿಂದ ಕಾಗದ ಬಂತು. ಅಧ್ಯಕ್ಷ ನನ್ನ ಮುಂದ ಓದಿದಾ: "ಕಟ್ಟಡವು ಸುಸ್ಥಿತಿಯಲ್ಲಿದೆ. ಆದರೆ ಬಾಗಿಲು ತೆರೆಯಲು ಬರುವುದಿಲ್ಲ. ಬಾಗಿಲಿನ ದುರಸ್ತಿಗೆ ಹೊಸ ಅನುದಾನ ಮಂಜೂರು ಮಾಡಲಾಗಿದೆ."

ಮಡಚಿ ಕಿಸೆದಾಗ ಇಟ್ಕೊಂಡ ಅಂದಾ: "ಕಾಕಾ, ಈ ಸಲ ಬಾಗಲಾ ತಗದ ಬರಿ."

ಈ ಸಲ ನಾ ಬೈಲಿಲ್ಲ. ಸುಮ್ಮನ ಏಣಿ ಹೊತಗೊಂಡ ಹೋದೆ. ಬಾಗಲಾ ತಗದೆ. ತಗದ ಮ್ಯಾಲ ಒಳಗ ಏನರೆ ಇರಬೇಕಲ್ರಿ? ಮೊದಲ ನೆಲಾ ಬರದೆ. ನೆಲದ ಮ್ಯಾಲ ಜಮಖಾನಿ ಬರದೆ, ನಮ್ಮ ಸಂಘದ್ದ, ಕೆಂಪು ನೀಲಿ ಪಟ್ಟಿದ್ದು. ಅದರ ಮ್ಯಾಲ ಸಂಘದ ಹನ್ನೆರಡೂ ಹೆಣಮಕ್ಕಳನ್ನ ಬರಿಯಾಕ ಹತ್ತಿದೆ, ಅವರೂ ಬಂದು ಹಿಂದ ನಿಂತ್ರು. "ಕಾಕಾ, ನನ್ನ ಮೂಗ ಇಷ್ಟ ದಪ್ಪ ಐತೇನು?" ಅಂದ್ಲು ಒಬ್ಬಾಕಿ. "ಅಕಿನ್ನ ನನ್ನ ಮಗ್ಗಲಕ ಕುಂದರಸಬ್ಯಾಡ, ನಾವು ಮಾತ ಬಿಟ್ಟೇವಿ" ಅಂದ್ಲು ಇನ್ನೊಬ್ಬಾಕಿ. ಒಬ್ಬೊಬ್ಬರನ್ನ ಕುಂದರಿಸಿದೆ. ನಡುವ ಒಂದ ಜಾಗಾ ಬಿಟ್ಟಿದ್ದೆ. ಅದ್ಯಾರಿಗಂತ ಯಾರೂ ಕೇಳಲಿಲ್ಲ. ಅಕಿ ಹಸರ ಸೀರಿ ಬರಿಯಾಕ ಒಂದ ದಿನಾ ಹಿಡೀತು. ಮಾರಿ ಬರಿಯಾಕ ಏನೂ ಹೊತ್ತಾಗಲಿಲ್ಲ. ಗೆರಿ ಹೊಡಿಲಾರದ, ಚೀಟಿ ನೋಡಲಾರದ ಬರದೆ.

ಮೊನ್ನೆ ಅದ ಸಾಹೇಬ ಮತ್ತ ಬಂದಾ. ಈ ಸಲ ದೂರ ನಿಂತಾ, ಹಣಿ ಮ್ಯಾಲ ಕೈ ಇಟಗೊಂಡ. ಬಾಗಲದಾಗ ಇಣಿಕಿ ನೋಡಿದಾ. ಬಾಳ ಹೊತ್ತ ನೋಡಿದಾ, ಏನೋ ಬರಕೊಂಡಾ, ಹೋದಾ. ನಿನ್ನೆ ಅಧ್ಯಕ್ಷ ಆ ವರದಿ ತಂದು ನನ್ನ ಕೈಯಾಗ ಕೊಟ್ಟಾ. ಕನ್ನಡಕಾ ಹಾಕ್ಕೊಂಡು, ಒಂದೊಂದ ಅಕ್ಷರ ಕೂಡಿಸಿ ನಾನ ಓದಿದೆ:

"ಭವನವು ಸಾರ್ವಜನಿಕರ ಬಳಕೆಯಲ್ಲಿದೆ. ಭೇಟಿಯ ಸಮಯದಲ್ಲಿ ಹದಿಮೂರು ಮಹಿಳೆಯರು ಸಭೆ ನಡೆಸುತ್ತಿದ್ದರು. ಪರಿಶೀಲನಾಧಿಕಾರಿ ಬಾಗಿಲಲ್ಲಿ ಬಂದು ನಿಂತರೂ, ಸದರಿ ಮಹಿಳೆಯರಲ್ಲಿ ಒಬ್ಬರೂ ಎದ್ದು ನಿಲ್ಲಲಿಲ್ಲ."